ಅಂಗಕಸಿಯೂ ಸಮಯಸಾಧಕ ರೋಗಾಣುಗಳೂ

೧

ರೋಗದಿಂದ ಕೆಟ್ಟುಹೋದ ಅವಯವದ ಕೆಲಸವನ್ನು ನಡೆಯಿಸುವುದಕ್ಕಾಗಿ, ಮತ್ತೊಬ್ಬರ ದೇಹದಿಂದ ಪಡೆದ ಅದೇ ಬಗೆಯ ಅವಯವವನ್ನು ರೋಗಿಯಲ್ಲಿ ನೆಲೆಗೊಳಿಸುವ ಶಸ್ತ್ರಕ್ರಿಯೆಗೆ ಕನ್ನಡದಲ್ಲಿ ಅಂಗಕಸಿ ಎಂಬ ಹೆಸರು ರೂಢಿಗೆ ಬಂದಿದೆ. ಕಸಿ ಎಂಬುದು ತೋಟಗಾರರ ಮಾತು. ನಾಟಿ ಮಾವಿನ ಗಿಡಕ್ಕೆ ಒಳ್ಳೆಯ ಜಾತಿಯ ಮಾವಿನ ಕುಡಿಯನ್ನು ಸೇರಿಸಿ ಕಟ್ಟಿದರೆ ಕೆಲವು ವಾರಗಳಲ್ಲಿ ಎರಡೂ ಬೆಸೆದುಕೊಂಡು ಒಂದೇ ಗಿಡವಾಗಿ ಬೆಳೆಯುತ್ತವೆ. ಬುಡವು ಕುಡಿಯನ್ನು ಪರಕೀಯವೆಂದು ನೂಕುವುದಿಲ್ಲ. ಮನುಷ್ಯದೇಹದ ಸ್ವಭಾವವು ಹಾಗಲ್ಲ. ಅದು ತನ್ನದು ಯಾವುದು, ತನ್ನದಲ್ಲದ್ದು ಯಾವುದು ಎಂಬುದನ್ನು ಬಹು ಸೂಕ್ಷ್ಮವಾಗಿ ಗುರುತಿಸಿ, ತನ್ನದಲ್ಲದ್ದನ್ನು ನಾಶಮಾಡಲು ಯತ್ನಿಸುತ್ತದೆ. ಅಂಗಕಸಿಯ ಬಹುಪಾಲು ಕಷ್ಟಗಳು ಈ ಒಂದು ವ್ಯತ್ಯಾಸದಿಂದಲೇ ಹುಟ್ಟಿದುವು.

ಪ್ರಾಚೀನರಿಗೆ ಈ ತೊಡಕು ಎದುರಾಗಲಿಲ್ಲ. ಸುಶ್ರುತಸಂಹಿತೆಯಲ್ಲಿ ಹೇಳಿರುವ ನಾಸಾಸಂಧಾನದಲ್ಲಿ ರೋಗಿಯ ಕೆನ್ನೆಯ ಚರ್ಮವನ್ನೇ ತೆಗೆದು ಮೂಗಿಗೆ ಜೋಡಿಸುವುದರಿಂದ, ಅಲ್ಲಿ ಪರಕೀಯವಾದ ವಸ್ತುವಿಗೆ ಅವಕಾಶವೇ ಇಲ್ಲ. ವೇತಾಳನು ಹೇಳಿದ ಕಥೆಗಳಲ್ಲಿ ತಲೆಗಳು ಅದಲುಬದಲಾದ ಪ್ರಸಂಗವೊಂದುಂಟು. ಅಲ್ಲಿ ಏಳುವ ಪ್ರಶ್ನೆಯು ಆ ಇಬ್ಬರಲ್ಲಿ ಪತಿ ಯಾರೆಂಬುದೇ ಹೊರತು, ಒಬ್ಬನ ಒಡಲು ಇನ್ನೊಬ್ಬನ ತಲೆಯನ್ನು ಒಪ್ಪೀತೇ ಎಂಬುದಲ್ಲ. ಆ ಒಪ್ಪಿಗೆಯೇ ದುರ್ಲಭವೆಂಬುದು ಇಪ್ಪತ್ತನೆಯ ಶತಮಾನದಲ್ಲಿ ಸ್ಪಷ್ಟವಾಯಿತು. ಅದನ್ನು ಔಷಧಗಳ ಬಲದಿಂದ ಪಡೆಯುವ ಮಾರ್ಗವೂ ಅದೇ ಶತಮಾನದಲ್ಲಿ ದೊರೆಯಿತು. ಆದರೆ ಹೀಗೆ ಪಡೆದ ಒಪ್ಪಿಗೆಗೆ ಒಂದು ಬೆಲೆಯನ್ನು ತೆರಬೇಕಾಗಿದೆ. ಶಸ್ತ್ರಕ್ರಿಯೆಯು ಪೂರ್ಣವಾಗಿ ಸಫಲವಾಗಿ, ಹೊಸ ಅವಯವವು ಚೆನ್ನಾಗಿ ಕೆಲಸಮಾಡುತ್ತಿರುವಾಗಲೇ, ಆರೋಗ್ಯವಂತರಿಗೆ ಬಾಧಕವಲ್ಲದ ಒಂದು ಸೂಕ್ಷ್ಮಜೀವಿಯಿಂದ ರೋಗಿಯು ಮಡಿಯುವುದುಂಟು. ಇದು ಹೇಗೆ ಸಂಭವಿಸುತ್ತದೆ, ಇದನ್ನು ತಡೆಯುವುದು ಎಷ್ಟರಮಟ್ಟಿಗೆ ಸಾಧ್ಯವಾಗಿದೆ ಎಂಬುದೇ ಈ ಲೇಖನದ ವಿಷಯ.

೨

ದೇಹವು ಪರಕೀಯ ಅಂಗವನ್ನು ತಿರಸ್ಕರಿಸುವುದು ಕೇವಲ ಆಕಸ್ಮಿಕವಲ್ಲ, ಅದೊಂದು ನಿಯಮಬದ್ಧವಾದ ಕ್ರಿಯೆ ಎಂಬುದನ್ನು ತೋರಿಸಿಕೊಟ್ಟವರಲ್ಲಿ ಪೀಟರ್ ಮೆಡವಾರ್ ಎಂಬ ವಿಜ್ಞಾನಿಯು ಮುಖ್ಯನು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಈತನು ಥಾಮಸ್ ಗಿಬ್ಸನ್ ಎಂಬ ಶಸ್ತ್ರವೈದ್ಯನೊಡನೆ ಗ್ಲ್ಯಾಸ್ಗೋ ನಗರದಲ್ಲಿ ಸುಟ್ಟಗಾಯದ ರೋಗಿಗೆ ಚರ್ಮವನ್ನು ಕಸಿಮಾಡುವುದನ್ನು ಪರೀಕ್ಷಿಸಿದನು. ಬೇರೊಬ್ಬರ ಚರ್ಮವು ಕೆಲವು ದಿನಗಳಲ್ಲಿ ನಾಶವಾಗುವುದೆಂದೂ, ಅದೇ ದಾನಿಯ ಚರ್ಮವನ್ನು ಎರಡನೆಯ ಸಲ ಜೋಡಿಸಿದರೆ ಇನ್ನೂ ಬೇಗನೆ ನಾಶವಾಗುವುದೆಂದೂ ಇಬ್ಬರೂ ೧೯೪೩ರಲ್ಲಿ ಪ್ರಕಟಿಸಿದರು. ದೇಹವು ಪರಕೀಯವನ್ನು ನೆನಪಿಟ್ಟುಕೊಳ್ಳುತ್ತದೆಂಬುದು ಇದರಿಂದ ಸಿದ್ಧವಾಯಿತು. ರೋಗಾಣುಗಳ ವಿಷಯದಲ್ಲಿ ದೇಹವು ಆಚರಿಸುವ ನೀತಿಯೂ ಇದೇ ಆಗಿದೆ. ಸಿಡುಬು ಒಮ್ಮೆ ಬಂದುಹೋದವರಿಗೆ ಮತ್ತೆ ಬಾರದಿದ್ದುದಕ್ಕೂ, ಎರಡನೆಯ ಕಸಿಯು ಬೇಗನೆ ನಾಶವಾಗುವುದಕ್ಕೂ ಕಾರಣವು ಒಂದೇ ಬಗೆಯ ರಕ್ಷಣಶಕ್ತಿ.

೧೯೫೪ನೆಯ ಡಿಸೆಂಬರ್ ೨೩ರಂದು ಬಾಸ್ಟನ್ ನಗರದಲ್ಲಿ ಜೋಸೆಫ್ ಮರ್ರೆ ಎಂಬ ಶಸ್ತ್ರವೈದ್ಯನು ಒಬ್ಬ ಯುವಕನ ಮೂತ್ರಪಿಂಡವನ್ನು ಅವನ ಸಹೋದರನಲ್ಲಿ ನೆಲೆಗೊಳಿಸಿದನು. ಅವರಿಬ್ಬರೂ ಒಂದೇ ಅಂಡದಿಂದ ಹುಟ್ಟಿದ ಅವಳಿಗಳಾದುದರಿಂದ ದೇಹವು ಭೇದವೆಣಿಸಲಿಲ್ಲ. ಮೂತ್ರಪಿಂಡವನ್ನು ಪಡೆದವನು ಎಂಟು ವರ್ಷಗಳ ಕಾಲ ಬದುಕಿದನು. ಆದರೆ ಇಂತಹ ಅವಳಿ ಸೋದರರು ಎಷ್ಟು ಮಂದಿಗೆ ಇದ್ದಾರು? ಇತರರಿಗೂ ಕಸಿಯು ದೊರೆಯಬೇಕಾದರೆ ರಕ್ಷಣಶಕ್ತಿಯನ್ನೇ ಕುಗ್ಗಿಸುವುದು ಅನಿವಾರ್ಯವಾಯಿತು. ಮೊದಲು ಇಡೀ ದೇಹಕ್ಕೆ ಕ್ಷಕಿರಣಗಳನ್ನು ಹಾಯಿಸಿ ನೋಡಿದರು. ರಕ್ಷಣಶಕ್ತಿಯು ಕುಗ್ಗಿದುದೇನೋ ನಿಜ, ಆದರೆ ಸೋಂಕುಗಳಿಂದ ಬಹುಮಂದಿ ತೀರಿಕೊಂಡರು. ಆಮೇಲೆ ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ ಇವರ ಪ್ರಯೋಗಶಾಲೆಯಲ್ಲಿ ಸಿದ್ಧವಾದ ಅಜಥಯೋಪ್ರಿನ್ ಎಂಬ ಔಷಧವೂ, ಅದರೊಡನೆ ಸ್ಟಿರಾಯ್ಡುಗಳೂ ಬಳಕೆಗೆ ಬಂದುವು. ಈ ಎರಡನ್ನೂ ಕೂಡಿಸಿ ಕೊಟ್ಟರೆ ಮೊದಲಾದ ತಿರಸ್ಕಾರವನ್ನೂ ಹಿಂದಿರುಗಿಸಬಹುದೆಂದು ಥಾಮಸ್ ಸ್ಟಾರ್ಜ್ಲ್ ಎಂಬಾತನು ೧೯೬೩ರಲ್ಲಿ ತೋರಿಸಿದನು. ಭಾರತದಲ್ಲಿ ಮೂತ್ರಪಿಂಡದ ಕಸಿಯು ೧೯೭೧ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಸಫಲವಾಯಿತು.

ಇದಾದ ಬಳಿಕ ದೊರೆತ ಎರಡು ಪ್ರಬಲ ಔಷಧಗಳು ಮಣ್ಣಿನಿಂದಲೇ ಬಂದುವು. ನಾರ್ವೆ ದೇಶದ ಹಾರ್ಡಂಗರ್ ಪ್ರಸ್ಥಭೂಮಿಯ ಮಣ್ಣಿನಲ್ಲಿದ್ದ ಒಂದು ಶಿಲೀಂಧ್ರದಿಂದ ಸೈಕ್ಲೊಸ್ಪೋರಿನ್ ದೊರೆತು, ೧೯೭೮ರಲ್ಲಿ ರಾಯ್ ಕಾನ್ ಎಂಬಾತನು ಅದನ್ನು ರೋಗಿಗಳಲ್ಲಿ ಪ್ರಯೋಗಿಸಿದನು. ೧೯೮೪ರಲ್ಲಿ ಜಪಾನಿನ ತ್ಸುಕುಬ ಪ್ರಾಂತದ ಮಣ್ಣಿನಲ್ಲಿದ್ದ ಸ್ಟ್ರೆಪ್ಟೊಮೈಸಿಸ್ ಕುಲದ ಬ್ಯಾಕ್ಟೀರಿಯದಿಂದ ಟ್ಯಾಕ್ರೋಲಿಮಸ್ ದೊರೆಯಿತು. ರಕ್ಷಣಶಕ್ತಿಯನ್ನು ಕುಗ್ಗಿಸುವ ಈ ಔಷಧಗಳನ್ನೆಲ್ಲ ಇಲ್ಲಿ ನಿಗ್ರಹೌಷಧಗಳೆಂದು ಕರೆಯಲಾಗಿದೆ. ಅಂಗಕಸಿಯಾದವರಲ್ಲಿ ಬಹುಮಂದಿ ಇವುಗಳನ್ನು ಬದುಕಿರುವವರೆಗೂ ಸೇವಿಸಬೇಕು.

೩

ಸೂಕ್ಷ್ಮಜೀವಿಗಳಲ್ಲಿ ಕೆಲವು ಸ್ವಭಾವತಃ ಪ್ರಬಲವಾದುವು. ಪ್ಲೇಗು, ಕಾಲರಾ ಮೊದಲಾದ ರೋಗಗಳ ಅಣುಗಳು ಬಲಿಷ್ಠರನ್ನೂ ಕೆಡಹಬಲ್ಲುವು. ಮತ್ತೆ ಕೆಲವು ಮಣ್ಣಿನಲ್ಲಿಯೋ, ನೀರಿನಲ್ಲಿಯೋ, ನಮ್ಮ ಚರ್ಮದ ಮೇಲೆಯೋ, ಕರುಳಿನಲ್ಲಿಯೋ ಸುಮ್ಮನೆ ಇರತಕ್ಕವು. ದೇಹದ ಕಾವಲು ಬಿಗಿಯಾಗಿರುವವರೆಗೆ ಇವುಗಳಿಂದ ಬಾಧೆಯಿಲ್ಲ. ಕಾವಲು ಸಡಿಲವಾದೊಡನೆ ಒಳನುಗ್ಗುತ್ತವೆ. ಇಂತಹವುಗಳನ್ನು ಸಮಯಸಾಧಕ ರೋಗಾಣುಗಳೆಂದು ಕರೆಯುವುದು ಉಚಿತವಾಗಿದೆ. ಮಹಾಭಾರತದ ನಳೋಪಾಖ್ಯಾನದಲ್ಲಿ ಕಲಿಯು ನಳನ ದೇಹವನ್ನು ಸೇರಲು ಹನ್ನೆರಡು ವರ್ಷ ಹೊಂಚುಹಾಕಿದನು. ಒಂದು ದಿನ ಅರಸನು ಕಾಲು ತೊಳೆಯದೆ ಸಂಧ್ಯೆಗೆ ಕುಳಿತಾಗ ಆ ಒಂದು ಲೋಪವೇ ಅವನಿಗೆ ದಾರಿಯಾಯಿತು. ಕನಕದಾಸರ ನಳಚರಿತ್ರೆಯಿಂದ ಕನ್ನಡಿಗರಿಗೆ ಪರಿಚಿತವಾದ ಈ ಕಲಿಯ ರೀತಿಯೇ ಸಮಯಸಾಧಕ ರೋಗಾಣುವಿನ ರೀತಿ. ಆದರೆ ಒಂದು ಭೇದವುಂಟು. ನಳನ ಲೋಪವು ಪ್ರಮಾದದಿಂದಾದುದು, ಅಂಗಕಸಿಯಾದವನ ದೇಹದಲ್ಲಿ ಕಾವಲನ್ನು ವೈದ್ಯರೇ ಬೇಕೆಂದು ಸಡಿಲಿಸಿರುತ್ತಾರೆ.

ಆ ಸಡಿಲಿಕೆಯು ಎಲ್ಲಿ ಆಗುತ್ತದೆಂಬುದನ್ನು ತಿಳಿದರೆ ಮುಂದಿನ ವಿಷಯವು ಸುಲಭವಾಗುತ್ತದೆ. ರಕ್ತದ ಬಿಳಿಯ ಕಣಗಳಲ್ಲಿ ಹಲವು ಬಗೆಗಳುಂಟು. ಕೆಲವು ರೋಗಾಣುಗಳನ್ನು ಸಿಕ್ಕಿದಲ್ಲಿಯೇ ನುಂಗುವ ಭಕ್ಷಕ ಕಣಗಳು. ಟಿ ಕಣಗಳೆಂಬುವು ಶತ್ರುವನ್ನು ಗುರುತಿಸಿ ಉಳಿದ ಕಣಗಳಿಗೆ ಆಜ್ಞೆಯನ್ನು ಕೊಡತಕ್ಕವು. ಪರಕೀಯ ಅಂಗವನ್ನು ನಾಶಮಾಡುವ ಕೆಲಸದಲ್ಲಿ ಟಿ ಕಣಗಳೇ ಮುಂದಾಳುಗಳಾದುದರಿಂದ ನಿಗ್ರಹೌಷಧಗಳ ಪ್ರಯೋಗವು ಮುಖ್ಯವಾಗಿ ಅವುಗಳ ಮೇಲೆಯೇ. ಆದರೆ ಕೆಲವು ರೋಗಾಣುಗಳು ಭಕ್ಷಕ ಕಣಗಳು ನುಂಗಿದರೂ ಸಾಯದೆ ಅವುಗಳ ಹೊಟ್ಟೆಯೊಳಗೇ ವಾಸಮಾಡುತ್ತವೆ. ಟಿ ಕಣಗಳ ಆಜ್ಞೆ ಬಂದ ಹೊರತು ಭಕ್ಷಕ ಕಣವು ಇವುಗಳನ್ನು ಕೊಲ್ಲಲಾರದು. ಕ್ಷಯದ ಅಣು, ಲಿಸ್ಟೀರಿಯ, ಲೀಜನೆಲ್ಲ, ನೊಕಾರ್ಡಿಯ ಎಂಬುವು ಈ ವರ್ಗಕ್ಕೆ ಸೇರಿದುವು. ಆದುದರಿಂದಲೇ ಅಂಗಕಸಿಯಾದವರಲ್ಲಿ ಈ ಹೆಸರುಗಳು ಮೇಲಿಂದಮೇಲೆ ಕೇಳಿಬರುತ್ತವೆ.

೪

ತಿರಸ್ಕಾರ ಮತ್ತು ಸೋಂಕು ಎಂಬ ಎರಡು ಅಪಾಯಗಳು ಎಷ್ಟು ಹತ್ತಿರ ಹತ್ತಿರವಾಗಿವೆ ಎಂಬುದಕ್ಕೆ ಕೇಪ್‌ಟೌನ್ ನಗರದಲ್ಲಿ ನಡೆದ ಮೊದಲ ಹೃದಯಕಸಿಯೇ ಸಾಕ್ಷಿ. ೧೯೬೭ನೆಯ ಡಿಸೆಂಬರ್ ೩ರಂದು ಕ್ರಿಸ್ಟಿಯಾನ್ ಬರ್ನಾರ್ಡ್ ಎಂಬ ಶಸ್ತ್ರವೈದ್ಯನು ಲೂಯಿ ವಾಷ್ಕಾನ್ಸ್ಕಿ ಎಂಬ ವ್ಯಾಪಾರಿಗೆ, ಮೋಟಾರು ಅಪಘಾತದಲ್ಲಿ ಸಿಕ್ಕಿ ತೀರಿಕೊಂಡ ತರುಣಿಯೊಬ್ಬಳ ಹೃದಯವನ್ನು ಜೋಡಿಸಿದನು. ಜಗತ್ತೆಲ್ಲವೂ ಈ ಸುದ್ದಿಯಿಂದ ಬೆರಗಾಯಿತು. ರೋಗಿಯು ಎಚ್ಚತ್ತು ಮಾತನಾಡಿದನು, ಊಟಮಾಡಿದನು, ಹೊಸ ಹೃದಯವು ಸರಿಯಾಗಿಯೇ ಬಡಿಯುತ್ತಿತ್ತು. ಆಮೇಲೆ ಅವನ ಶ್ವಾಸಕೋಶಗಳ ಕ್ಷಕಿರಣಚಿತ್ರದಲ್ಲಿ ಕರೆಗಳು ಕಾಣಿಸಿಕೊಂಡುವು. ಇದು ಸೋಂಕೇ ಅಥವಾ ದೇಹವು ಹೃದಯವನ್ನು ತಿರಸ್ಕರಿಸುತ್ತಿರುವುದರ ಪರಿಣಾಮವೇ ಎಂದು ನಿರ್ಣಯಿಸಬೇಕಾಯಿತು. ತಿರಸ್ಕಾರವೆಂದೇ ಎಣಿಸಿ ನಿಗ್ರಹೌಷಧಗಳನ್ನು ಹೆಚ್ಚಿಸಿದರು. ವಾಸ್ತವವಾಗಿ ಅಲ್ಲಿದ್ದುದು ಬ್ಯಾಕ್ಟೀರಿಯಗಳಿಂದಾದ ನ್ಯುಮೋನಿಯ. ಶಸ್ತ್ರಕ್ರಿಯೆಯಾದ ಹದಿನೆಂಟನೆಯ ದಿನ, ಡಿಸೆಂಬರ್ ೨೧ರಂದು, ವಾಷ್ಕಾನ್ಸ್ಕಿಯು ತೀರಿಕೊಂಡನು. ಅವನ ಶ್ವಾಸಕೋಶಗಳು ಸೋಂಕಿನಿಂದ ತುಂಬಿದ್ದುವು, ಹೃದಯವು ಕೊನೆಯವರೆಗೂ ಚೆನ್ನಾಗಿ ಕೆಲಸಮಾಡಿತ್ತು.

ಇಲ್ಲಿ ವೈದ್ಯರ ಅಜಾಗ್ರತೆಯನ್ನು ಕಾಣುವುದು ಸರಿಯಲ್ಲ. ಆಗಿನ ಕಾಲದಲ್ಲಿ ಹೃದಯದ ತಿರಸ್ಕಾರವನ್ನು ನಿಶ್ಚಯವಾಗಿ ತಿಳಿಯುವ ಉಪಾಯವೇ ಇರಲಿಲ್ಲ. ಅವರು ಎದುರಿಸಿದ ತೊಡಕಿನ ಸ್ವರೂಪವನ್ನು ಮಾತ್ರ ಗಮನಿಸತಕ್ಕದ್ದು. ಎರಡು ರೋಗಗಳು ಒಂದೇ ವೇಷದಲ್ಲಿ ಬರುತ್ತವೆ; ಜ್ವರ, ಆಯಾಸ, ಅವಯವದ ಶಕ್ತಿಕುಂದುವುದು ಎರಡರಲ್ಲಿಯೂ ಉಂಟು. ಆದರೆ ಒಂದಕ್ಕೆ ಕೊಡುವ ಚಿಕಿತ್ಸೆಯು ಇನ್ನೊಂದಕ್ಕೆ ವಿಷಪ್ರಾಯ. ತಿರಸ್ಕಾರಕ್ಕೆ ನಿಗ್ರಹೌಷಧವನ್ನು ಹೆಚ್ಚಿಸಬೇಕು, ಪ್ರಬಲವಾದ ಸೋಂಕಿಗೆ ಅದನ್ನು ಇಳಿಸಬೇಕು. ೧೯೬೮ರಲ್ಲಿ ಪ್ರಪಂಚದ ನಾನಾ ಕಡೆಗಳಲ್ಲಿ ಸುಮಾರು ನೂರು ಹೃದಯಕಸಿಗಳಾದುವು. ರೋಗಿಗಳಲ್ಲಿ ಬಹುಮಂದಿ ಸ್ವಲ್ಪಕಾಲದಲ್ಲಿಯೇ ಮಡಿದುದರಿಂದ ಹೆಚ್ಚಿನ ವೈದ್ಯಾಲಯಗಳು ಈ ಕಾರ್ಯವನ್ನೇ ಕೈಬಿಟ್ಟುವು. ಸ್ಟ್ಯಾನ್‌ಫರ್ಡಿನಲ್ಲಿ ನಾರ್ಮನ್ ಷಂವೇ ಮುಂತಾದ ಕೆಲವರು ಮಾತ್ರ ಬಿಡದೆ ನಡೆಯಿಸಿದರು. ಕಸಿಮಾಡಿದ ಹೃದಯದಿಂದ ಎಳ್ಳಿನಷ್ಟು ಮಾಂಸವನ್ನು ಆಗಾಗ್ಗೆ ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವ ವಿಧಾನವು ಅಲ್ಲಿ ಬೆಳೆದ ಮೇಲೆ ತಿರಸ್ಕಾರವನ್ನು ಊಹೆಯಿಂದಲ್ಲದೆ ಪ್ರತ್ಯಕ್ಷದಿಂದ ನಿರ್ಣಯಿಸುವುದು ಸಾಧ್ಯವಾಯಿತು. ಆದರೂ ಇನ್ನೊಂದು ಪ್ರಶ್ನೆ ಉಳಿಯಿತು. ಸೋಂಕೆಂದು ತಿಳಿದ ಮೇಲೆ, ಸಾವಿರಾರು ಸೂಕ್ಷ್ಮಜೀವಿಗಳಲ್ಲಿ ಯಾವುದರ ಸೋಂಕು?

ಚರಕಸಂಹಿತೆಯಲ್ಲಿ ವೈದ್ಯನು ವಿಚಾರಿಸಬೇಕಾದ ವಿಷಯಗಳ ಪಟ್ಟಿಯಲ್ಲಿ ದೇಶ, ಕಾಲ, ಬಲ ಎಂಬ ಮೂರೂ ಸೇರಿವೆ. ಸೂಕ್ಷ್ಮಜೀವಿಗಳ ಕಲ್ಪನೆಯು ಆ ಗ್ರಂಥಕ್ಕೆ ಸಂಬಂಧಿಸಿದುದಲ್ಲ. ಆದರೂ ಈ ಮೂರು ಶಬ್ದಗಳು ಇಂದಿನ ವಿಚಾರಕ್ರಮವನ್ನು ಹೇಳಲು ಅನುಕೂಲವಾಗಿವೆ.

೫

ಮೊದಲನೆಯದು ಕಾಲ. ಬಾಸ್ಟನ್ ನಗರದ ರಾಬರ್ಟ್ ರೂಬಿನ್ ಮತ್ತು ಅವನ ಸಹೋದ್ಯೋಗಿಗಳು ಮೂತ್ರಪಿಂಡದ ಕಸಿಯಾದವರ ಸೋಂಕುಗಳನ್ನು ಕ್ರಮವಾಗಿ ಪರಿಶೀಲಿಸಿ ೧೯೮೧ರಲ್ಲಿ ಒಂದು ಕಾಲಪಟ್ಟಿಯನ್ನು ಪ್ರಕಟಿಸಿದರು. ಜೇ ಫಿಷ್‌ಮನ್ ಎಂಬಾತನು ರೂಬಿನ್ನನೊಡನೆ ಸೇರಿ ೧೯೯೮ರಲ್ಲಿ ಅದನ್ನು ಇತರ ಅವಯವಗಳಿಗೂ ವಿಸ್ತರಿಸಿ ವಿವರಿಸಿದನು. ಸೋಂಕುಗಳು ಮನಸ್ಸು ಬಂದಂತೆ ಬರುವುದಿಲ್ಲ, ಶಸ್ತ್ರಕ್ರಿಯೆಯಾದ ದಿನದಿಂದ ಎಣಿಸಿದರೆ ಒಂದೊಂದು ಗುಂಪಿನ ರೋಗಾಣುವಿಗೆ ಒಂದೊಂದು ಕಾಲವಿದೆ ಎಂಬುದೇ ಇದರ ಸಾರ.

ಮೊದಲ ತಿಂಗಳಿನಲ್ಲಿ ಕಾಣುವುವು ಬಹುಮಟ್ಟಿಗೆ ಯಾವುದೇ ದೊಡ್ಡ ಶಸ್ತ್ರಕ್ರಿಯೆಯ ತರುವಾಯ ಬರಬಹುದಾದ ಸೋಂಕುಗಳು. ಗಾಯದಲ್ಲಿ, ಮೂತ್ರಮಾರ್ಗದಲ್ಲಿ, ಶ್ವಾಸಕೋಶದಲ್ಲಿ, ರಕ್ತನಾಳದೊಳಕ್ಕೆ ಇಟ್ಟ ನಳಿಗೆಗಳಲ್ಲಿ ಆಸ್ಪತ್ರೆಯ ಬ್ಯಾಕ್ಟೀರಿಯಗಳು ನೆಲೆಯೂರುತ್ತವೆ. ಸ್ಟೆಫಿಲೊಕಾಕಸ್, ಕ್ಲೆಬ್ಸಿಯೆಲ್ಲ, ಸ್ಯೂಡೊಮೊನಾಸ್ ಎಂಬುವು ಇವುಗಳಲ್ಲಿ ಮುಖ್ಯ. ದಾನಿಯ ಅವಯವದೊಡನೆಯೇ ಬಂದ ಸೋಂಕೂ ಈ ಕಾಲದಲ್ಲಿ ಹೊರಬೀಳಬಹುದು. ಎರಡನೆಯ ತಿಂಗಳಿಂದ ಆರನೆಯ ತಿಂಗಳವರೆಗೆ ನಿಗ್ರಹೌಷಧಗಳ ಪರಿಣಾಮವು ಪೂರ್ಣವಾಗಿ ನೆಲೆಗೊಂಡಿರುವುದರಿಂದ ಸಮಯಸಾಧಕರ ಕಾಲವು ಇದೇ. ಲಿಸ್ಟೀರಿಯ, ನೊಕಾರ್ಡಿಯ, ಕ್ಷಯ ಮೊದಲಾದುವೂ, ಬ್ಯಾಕ್ಟೀರಿಯಗಳಲ್ಲದ ಕೆಲವು ವೈರಸ್ಸುಗಳೂ ಶಿಲೀಂಧ್ರಗಳೂ ಈಗ ತಲೆಯೆತ್ತುತ್ತವೆ. ಆರು ತಿಂಗಳು ಕಳೆದು ಔಷಧದ ಪ್ರಮಾಣವು ಇಳಿದ ಮೇಲೆ, ಅವಯವವು ಚೆನ್ನಾಗಿರುವವರಿಗೆ ಊರಿನಲ್ಲಿ ಎಲ್ಲರಿಗೂ ಬರುವ ನ್ಯುಮೋನಿಯ, ಮೂತ್ರಮಾರ್ಗದ ಸೋಂಕು ಮುಂತಾದುವೇ ಹೆಚ್ಚು. ಪುನಃ ಪುನಃ ತಿರಸ್ಕಾರವುಂಟಾಗಿ ಔಷಧವನ್ನು ಏರಿಸಬೇಕಾಗಿ ಬಂದವರು ಮಾತ್ರ ಸಮಯಸಾಧಕರ ಭಯದಲ್ಲಿಯೇ ಇರುತ್ತಾರೆ. ಈಗ ಮುಂಜಾಗ್ರತೆಯ ಔಷಧಗಳನ್ನು ಕೊಡುವುದರಿಂದ ಈ ಪಟ್ಟಿಯ ಗಡಿಗಳು ಮುಂದಕ್ಕೆ ಸರಿದಿವೆ. ಆ ಔಷಧಗಳನ್ನು ನಿಲ್ಲಿಸಿದ ಮೇಲೆ ಬರುವ ಸೋಂಕುಗಳೂ ಉಂಟು.

ಈ ಪಟ್ಟಿಯ ಪ್ರಯೋಜನವು ಎರಡು ಬಗೆಯದು. ಮೂರನೆಯ ತಿಂಗಳಿನಲ್ಲಿ ಕೆಮ್ಮು ಬಂದರೆ ವೈದ್ಯನು ಯಾವುದನ್ನು ಮೊದಲು ಹುಡುಕಬೇಕೆಂಬುದು ಇದರಿಂದ ತಿಳಿಯುತ್ತದೆ. ಅದಕ್ಕಿಂತಲೂ ಸೂಕ್ಷ್ಮವಾದುದು ಎರಡನೆಯದು. ಸಮಯಸಾಧಕ ರೋಗಾಣುವು ತನ್ನ ಕಾಲವಲ್ಲದ ಮೊದಲ ತಿಂಗಳಿನಲ್ಲಿಯೇ ಬಂದರೆ, ನಿಗ್ರಹೌಷಧವು ಇನ್ನೂ ಅಷ್ಟಾಗಿ ವ್ಯಾಪಿಸಿರದ ಕಾರಣ, ರೋಗಿಯ ಸುತ್ತಲಿನ ಗಾಳಿಯಲ್ಲಿಯೋ ನೀರಿನಲ್ಲಿಯೋ ಆ ರೋಗಾಣುವು ವಿಪರೀತವಾಗಿದೆಯೆಂದು ಶಂಕಿಸಬೇಕು. ಅಕಾಲದಲ್ಲಿ ಬಂದ ರೋಗವು ಮನೆಯ ದೋಷವನ್ನು ಸೂಚಿಸುತ್ತದೆ. ಆಗ ರೋಗಿಯೊಬ್ಬನನ್ನಲ್ಲದೆ ಆಸ್ಪತ್ರೆಯ ಕೊಳಾಯಿಗಳನ್ನೂ ಗಾಳಿಯ ಮಾರ್ಗಗಳನ್ನೂ ಪರೀಕ್ಷಿಸಬೇಕಾಗುತ್ತದೆ.

೬

ಎರಡನೆಯದು ದೇಶ, ಎಂದರೆ ರೋಗಿಯು ಎಲ್ಲಿ ಬಾಳುತ್ತಾನೆ, ಏನನ್ನು ಮುಟ್ಟುತ್ತಾನೆ, ಏನನ್ನು ಉಣ್ಣುತ್ತಾನೆ ಎಂಬುದು.

ನೀರಿಗೆ ಸಂಬಂಧಿಸಿದ ರೋಗಾಣು ಲೀಜನೆಲ್ಲ. ೧೯೭೬ನೆಯ ಜುಲೈ ತಿಂಗಳಿನಲ್ಲಿ ಫಿಲಡೆಲ್ಫಿಯ ನಗರದ ಹೋಟಲೊಂದರಲ್ಲಿ ಸೇರಿದ್ದ ಅಮೆರಿಕದ ಮಾಜಿ ಸೈನಿಕರ ಸಮ್ಮೇಳನದಲ್ಲಿ ಅಜ್ಞಾತವಾದ ನ್ಯುಮೋನಿಯವು ಹಬ್ಬಿತು. ಅದಕ್ಕೆ ಕಾರಣವಾದ ಬ್ಯಾಕ್ಟೀರಿಯವನ್ನು ಜೋಸೆಫ್ ಮೆಕ್‌ಡೇಡ್ ಮತ್ತು ಚಾರ್ಲ್ಸ್ ಷೆಪರ್ಡ್ ೧೯೭೭ರಲ್ಲಿ ಕಂಡುಹಿಡಿದರು. ಅದೇ ಕುಲದ ಇನ್ನೊಂದು ಜಾತಿಯು ೧೯೭೯ರಲ್ಲಿ ಪಿಟ್ಸ್‌ಬರ್ಗಿನಲ್ಲಿ ಮೂತ್ರಪಿಂಡದ ಕಸಿಯಾದವರ ಶ್ವಾಸಕೋಶಗಳಲ್ಲಿ ಕಾಣಬಂದಿತು. ಇದು ಉಗುರುಬೆಚ್ಚಗಿನ ನೀರಿನ ಕೊಳವೆಗಳಲ್ಲಿಯೂ, ದೊಡ್ಡ ಕಟ್ಟಡಗಳನ್ನು ತಂಪಾಗಿಸುವ ಯಂತ್ರಗಳ ನೀರಿನಲ್ಲಿಯೂ ಬೆಳೆದು, ತುಂತುರಿನ ಮೂಲಕ ಶ್ವಾಸದೊಳಗೆ ಸೇರುತ್ತದೆ.

ಆಹಾರಕ್ಕೆ ಸಂಬಂಧಿಸಿದುದು ಲಿಸ್ಟೀರಿಯ. ೧೯೨೬ರಲ್ಲಿ ಕೇಂಬ್ರಿಜ್ ನಗರದಲ್ಲಿ ಮೊಲಗಳ ರೋಗವೊಂದನ್ನು ಪರೀಕ್ಷಿಸುತ್ತಿದ್ದಾಗ ಇದು ಗೊತ್ತಾಯಿತು. ಶಸ್ತ್ರಚಿಕಿತ್ಸೆಯಲ್ಲಿ ಶುದ್ಧಿಯನ್ನು ನೆಲೆಗೊಳಿಸಿದ ಜೋಸೆಫ್ ಲಿಸ್ಟರನ ಗೌರವಾರ್ಥವಾಗಿ ಆಮೇಲೆ ಅದಕ್ಕೆ ಈ ಹೆಸರನ್ನಿಟ್ಟರು. ಚಳಿಯಲ್ಲಿ ಇತರ ಅಣುಗಳು ಸ್ತಬ್ಧವಾದರೆ ಇದು ಫ್ರಿಜ್ಜಿನೊಳಗಿನ ೪ ಡಿಗ್ರಿ ಉಷ್ಣತೆಯಲ್ಲಿಯೂ ನಿಧಾನವಾಗಿ ಬೆಳೆಯುತ್ತದೆ. ಕಾಯಿಸದ ಹಾಲು, ಅದರಿಂದ ಮಾಡಿದ ಗಿಣ್ಣದಂತಹ ಪದಾರ್ಥಗಳು, ಬಹುದಿನ ತಂಪಿನಲ್ಲಿಟ್ಟ ಸಿದ್ಧಾಹಾರ ಇವುಗಳಿಂದ ದೇಹವನ್ನು ಸೇರಿ ಮಿದುಳಿನ ಪೊರೆಗಳನ್ನು ಹಿಡಿಯುತ್ತದೆ. ಹಾಲನ್ನು ಉಕ್ಕಿಸಿ ಕುಡಿಯುವ ನಮ್ಮ ಮನೆಗಳ ವಾಡಿಕೆಯು ಇದರ ವಿಷಯದಲ್ಲಿ ಒಂದು ದೊಡ್ಡ ರಕ್ಷಣೆ.

ಮಣ್ಣಿನ ರೋಗಾಣುಗಳಲ್ಲಿ ನೊಕಾರ್ಡಿಯವು ಪ್ರಸಿದ್ಧವಾದುದು. ೧೮೮೮ರಲ್ಲಿ ಎಡ್ಮಂಡ್ ನೊಕಾರ್ ಎಂಬ ಫ್ರೆಂಚ್ ಪಶುವೈದ್ಯನು ಗ್ವಾಡಲೂಪ್ ದ್ವೀಪದ ದನಗಳ ರೋಗವೊಂದರಲ್ಲಿ ಇದನ್ನು ಕಂಡುಹಿಡಿದನು. ಧೂಳಿನೊಡನೆ ಶ್ವಾಸಕೋಶಕ್ಕೆ ಹೋಗಿ ಅಲ್ಲಿಂದ ಮಿದುಳಿಗೆ ಹರಡಿ ಬಾವುಗಳನ್ನುಂಟುಮಾಡುತ್ತದೆ. ಪ್ರಯೋಗಶಾಲೆಯಲ್ಲಿ ಇದು ಬೆಳೆಯುವುದು ಬಹಳ ನಿಧಾನ; ವೈದ್ಯನು ಮೊದಲೇ ಸೂಚಿಸದಿದ್ದರೆ ಬೆಳೆಯುವುದಕ್ಕೆ ಮುಂಚೆಯೇ ಪಾತ್ರೆಯನ್ನು ಎಸೆದುಬಿಡುವುದುಂಟು. ಬಣ್ಣಹಾಕುವ ಪರೀಕ್ಷೆಯಲ್ಲಿ ಕ್ಷಯದ ಅಣುವನ್ನು ಸ್ವಲ್ಪಮಟ್ಟಿಗೆ ಹೋಲುವುದರಿಂದ ಭ್ರಮೆಗೂ ಅವಕಾಶವಿದೆ. ಟ್ಯಾಕ್ರೋಲಿಮಸನ್ನು ಕೊಟ್ಟ ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯವೂ ನೊಕಾರ್ಡಿಯವೂ ದೂರದ ದಾಯಾದಿಗಳು. ಮಣ್ಣಿನ ಒಂದು ಜೀವಿಯು ಕೊಟ್ಟ ಔಷಧವು ಅದರ ದಾಯಾದಿಗೇ ದಾರಿಮಾಡಿದಂತಾಯಿತು.

ಭಾರತದಲ್ಲಿ ಇವೆಲ್ಲಕ್ಕಿಂತಲೂ ದೊಡ್ಡ ಭಯವು ಕ್ಷಯದ್ದು. ೧೮೮೨ರಲ್ಲಿ ರಾಬರ್ಟ್ ಕಾಕ್ ಗುರುತಿಸಿದ ಈ ಅಣುವು ಬಾಲ್ಯದಲ್ಲಿಯೇ ದೇಹವನ್ನು ಸೇರಿ ಹತ್ತಾರು ವರ್ಷ ನಿದ್ರಿಸುತ್ತಿದ್ದು, ನಿಗ್ರಹೌಷಧಗಳಿಂದ ಟಿ ಕಣಗಳು ದುರ್ಬಲವಾದಾಗ ಎಚ್ಚೆತ್ತುಕೊಳ್ಳುತ್ತದೆ. ವೆಲ್ಲೂರಿನಿಂದ ಪ್ರಕಟವಾದ ವರದಿಯ ಪ್ರಕಾರ ೧೯೮೬ರಿಂದ ೧೯೯೯ರವರೆಗೆ ಮೂತ್ರಪಿಂಡದ ಕಸಿಯಾದವರಲ್ಲಿ ನೂರಕ್ಕೆ ಸುಮಾರು ೧೩ ಮಂದಿಗೆ ಕ್ಷಯವು ಕಾಣಿಸಿಕೊಂಡಿತು. ಪಾಶ್ಚಾತ್ಯ ದೇಶಗಳಲ್ಲಿ ಈ ಸಂಖ್ಯೆಯು ಬಹಳ ಕಡಿಮೆ. ಬಾಸ್ಟನ್ನಿನಲ್ಲಿ ಸಿದ್ಧವಾದ ಕಾಲಪಟ್ಟಿಯನ್ನು ಇಲ್ಲಿಗೆ ತರುವಾಗ ದೇಶದ ಗುಣವನ್ನೂ ಸೇರಿಸಿಕೊಳ್ಳಬೇಕೆಂಬುದಕ್ಕೆ ಇದೇ ಕಾರಣ.

ಕನ್ನಡನಾಡಿನ ಕರಾವಳಿಗೆ ವಿಶೇಷವಾದ ಇನ್ನೊಂದು ರೋಗವುಂಟು. ಅದರ ಹೆಸರು ಮೆಲಿಯಾಯ್ಡೋಸಿಸ್. ೧೯೧೨ರಲ್ಲಿ ಆಲ್ಫ್ರೆಡ್ ವಿಟ್ಮೋರ್ ಮತ್ತು ಕೃಷ್ಣಸ್ವಾಮಿ ಎಂಬಿಬ್ಬರು ರಂಗೂನಿನಿಂದ ಇದನ್ನು ಮೊದಲು ವರ್ಣಿಸಿದರು. ಇದರ ಬ್ಯಾಕ್ಟೀರಿಯವು ಒದ್ದೆ ಮಣ್ಣಿನಲ್ಲಿಯೂ ಗದ್ದೆಯ ನೀರಿನಲ್ಲಿಯೂ ಇದ್ದು ಮಳೆಗಾಲದಲ್ಲಿ ಹೆಚ್ಚಾಗಿ ತಗಲುತ್ತದೆ. ಉಡುಪಿ ಮತ್ತು ದಕ್ಷಿಣ ಕನ್ನಡ ಪ್ರಾಂತಗಳ ರೋಗಿಗಳನ್ನು ಕುರಿತು ಮಣಿಪಾಲದ ವೈದ್ಯರು ಅನೇಕ ವರದಿಗಳನ್ನು ಪ್ರಕಟಿಸಿದ್ದಾರೆ. ಮಧುಮೇಹಿಗಳೂ, ಮೂತ್ರಪಿಂಡದ ರೋಗವುಳ್ಳವರೂ, ಸ್ಟಿರಾಯ್ಡನ್ನು ಸೇವಿಸುವವರೂ ಇದಕ್ಕೆ ಸುಲಭವಾಗಿ ಒಳಗಾಗುತ್ತಾರೆ. ಅಂಗಕಸಿಯಾದ ರೋಗಿಯಲ್ಲಿ ಈ ಲಕ್ಷಣಗಳು ಒಟ್ಟಿಗೆ ಇರುವುದು ಸಾಮಾನ್ಯ. ಶ್ವಾಸಕೋಶದಲ್ಲಿ ಇದು ಕ್ಷಯದಂತೆಯೇ ತೋರುವುದರಿಂದ ತಪ್ಪು ಚಿಕಿತ್ಸೆಯಲ್ಲಿ ದಿನಗಳು ಕಳೆದುಹೋಗಬಹುದು. ಗದ್ದೆಯಲ್ಲಿ ದುಡಿಯುವ ರೋಗಿಯನ್ನು ನೀನೇನು ಕೆಲಸ ಮಾಡುತ್ತೀಯೆ ಎಂದು ಕೇಳುವ ಒಂದು ಪ್ರಶ್ನೆಯು ಇಲ್ಲಿ ಪ್ರಾಣವನ್ನುಳಿಸಬಲ್ಲುದು.

೭

ಮೂರನೆಯದು ಬಲ. ಇಬ್ಬರು ರೋಗಿಗಳು ಒಂದೇ ಔಷಧವನ್ನು ಒಂದೇ ಪ್ರಮಾಣದಲ್ಲಿ ಸೇವಿಸಿದರೂ ಅವರ ರಕ್ಷಣಶಕ್ತಿಯು ಸಮಾನವಾಗಿರುವುದಿಲ್ಲ. ವಯಸ್ಸು, ಮಧುಮೇಹ, ಪೋಷಣೆಯ ಕೊರತೆ, ಗಾಯಗಳು, ದೇಹದೊಳಗಿಟ್ಟ ನಳಿಗೆಗಳು, ಹಿಂದೆ ತಿರಸ್ಕಾರಕ್ಕಾಗಿ ಪಡೆದ ಚಿಕಿತ್ಸೆ, ಜೊತೆಗಿರುವ ಇತರ ಸೋಂಕುಗಳು ಇವೆಲ್ಲವೂ ಕೂಡಿ ಒಟ್ಟು ದೌರ್ಬಲ್ಯವು ಎಷ್ಟೆಂಬುದನ್ನು ನಿರ್ಣಯಿಸುತ್ತವೆ. ಇದನ್ನು ಅಳೆಯುವ ಒಂದೇ ಮಾಪಕವಿಲ್ಲ, ವೈದ್ಯನ ವಿವೇಚನೆಯೇ ಮಾಪಕ.

ಬಲವು ಕುಗ್ಗಿದಾಗ ರೋಗದ ಚಿಹ್ನೆಗಳೂ ಕುಗ್ಗುತ್ತವೆಂಬುದು ಮತ್ತೊಂದು ಕಷ್ಟ. ಕ್ರಿಸ್ತಶಕದ ಮೊದಲನೆಯ ಶತಮಾನದ ರೋಮನ್ ಗ್ರಂಥಕಾರ ಸೆಲ್ಸಸನು ಉರಿಯೂತಕ್ಕೆ ಕೆಂಪು, ಊತ, ಬಿಸಿ, ನೋವು ಎಂಬ ನಾಲ್ಕು ಲಕ್ಷಣಗಳನ್ನು ಹೇಳಿದನು. ಈ ನಾಲ್ಕೂ ರೋಗಾಣುವಿನ ಕೆಲಸಗಳಲ್ಲ, ಅದರೊಡನೆ ಹೋರಾಡುವ ದೇಹದ ಕೆಲಸಗಳು. ಹೋರಾಟವನ್ನೇ ಔಷಧವು ನಿಗ್ರಹಿಸಿದಾಗ ಜ್ವರವು ಅಲ್ಪವಾಗಿರಬಹುದು, ಇಲ್ಲದೆಯೂ ಇರಬಹುದು. ಹೊಟ್ಟೆಯೊಳಗೆ ಕೀವು ತುಂಬಿದ್ದರೂ ನೋವು ಹೆಚ್ಚಾಗಿ ತೋರದು. ಇತರರಲ್ಲಿ ಎರಡು ದಿನ ಕಾದುನೋಡಬಹುದಾದ ಸಣ್ಣ ಜ್ವರವನ್ನು ಇಂತಹವರಲ್ಲಿ ಕೂಡಲೇ ಪರೀಕ್ಷಿಸಬೇಕು.

ರೋಗಾಣುವು ಯಾವುದೆಂದು ತಿಳಿದ ಮೇಲೂ ಚಿಕಿತ್ಸೆಯು ಸುಲಭವಲ್ಲ. ಕ್ಷಯಕ್ಕೆ ಶ್ರೇಷ್ಠವಾದ ರಿಫಾಂಪಿಸಿನ್ ಎಂಬ ಔಷಧವು ಯಕೃತ್ತನ್ನು ಪ್ರಚೋದಿಸಿ, ಸೈಕ್ಲೊಸ್ಪೋರಿನ್ ಮತ್ತು ಟ್ಯಾಕ್ರೋಲಿಮಸ್ ಔಷಧಗಳನ್ನು ಬೇಗನೆ ಕರಗಿಸಿಬಿಡುತ್ತದೆ. ಕ್ಷಯವು ಗುಣವಾಗುತ್ತಿರುವಾಗಲೇ ಅವಯವವು ತಿರಸ್ಕೃತವಾಗಬಹುದು. ಆದುದರಿಂದ ನಿಗ್ರಹೌಷಧದ ಪ್ರಮಾಣವನ್ನು ಕೆಲವು ಪಟ್ಟು ಏರಿಸಿ ರಕ್ತದಲ್ಲಿ ಅದರ ಅಂಶವನ್ನು ಆಗಾಗ್ಗೆ ಅಳೆಯಬೇಕು, ಇಲ್ಲವೆ ರಿಫಾಂಪಿಸಿನ್ನಿಗೆ ಬದಲಾಗಿ ಬೇರೊಂದನ್ನು ಆರಿಸಬೇಕು. ಎರಿಥ್ರೊಮೈಸಿನ್, ಕ್ಲಾರಿಥ್ರೊಮೈಸಿನ್ ಎಂಬುವು ಇದಕ್ಕೆ ವಿರುದ್ಧವಾಗಿ ನಿಗ್ರಹೌಷಧವು ಕರಗದಂತೆ ತಡೆಯುತ್ತವೆ. ಆಗ ಅದರ ಅಂಶವು ರಕ್ತದಲ್ಲಿ ಏರಿ ಮೂತ್ರಪಿಂಡಕ್ಕೇ ಹಾನಿಯಾಗುತ್ತದೆ. ಹಳ್ಳಿಯ ಔಷಧದಂಗಡಿಯಲ್ಲಿ ಕೆಮ್ಮಿಗೆಂದು ಕೊಂಡ ಗುಳಿಗೆಯೊಂದು ಅಂಗಕಸಿಯಾದವನಿಗೆ ಅಪಾಯಕರವಾಗುವುದು ಹೀಗೆ.

ಸೋಂಕು ಪ್ರಾಣಕ್ಕೇ ಬಂದಾಗ ನಿಗ್ರಹೌಷಧವನ್ನು ಇಳಿಸುವುದು ಅಥವಾ ನಿಲ್ಲಿಸುವುದು ಚಿಕಿತ್ಸೆಯ ಒಂದು ಅಂಗ. ಮೂತ್ರಪಿಂಡದ ಕಸಿಯಾದವನು ಇದರಿಂದ ಅವಯವವನ್ನು ಕಳೆದುಕೊಂಡರೂ ಡಯಾಲಿಸಿಸ್ ಯಂತ್ರದ ಆಶ್ರಯದಲ್ಲಿ ಬದುಕಬಲ್ಲನು. ಹೃದಯ ಅಥವಾ ಯಕೃತ್ತನ್ನು ಪಡೆದವನಿಗೆ ಹೀಗೆ ಹಿಂದಿರುಗಲು ಸುಲಭವಾದ ನೆಲೆಯಿಲ್ಲ. ಅವಯವವನ್ನುಳಿಸಲು ಹೋಗಿ ಪ್ರಾಣವನ್ನೂ, ಸೋಂಕನ್ನು ಗೆಲ್ಲಲು ಹೋಗಿ ಅವಯವವನ್ನೂ ಕಳೆದುಕೊಳ್ಳುವ ಸಂಭವವು ಪ್ರತಿಯೊಂದು ನಿರ್ಣಯದಲ್ಲಿಯೂ ಇದೆ.

೮

ಈ ಕಾರಣದಿಂದ ಬಂದ ಸೋಂಕನ್ನು ಗ‌ುಣಪಡಿಸುವುದಕ್ಕಿಂತ ಬಾರದಂತೆ ತಡೆಯುವುದೇ ಮೇಲೆಂಬ ಮಾತು ಇಲ್ಲಿ ಅಕ್ಷರಶಃ ನಿಜವಾಗಿದೆ. ಕೋಟ್ರೈಮಾಕ್ಸಜೋಲ್ ಎಂಬ ಅಗ್ಗವಾದ, ಹಳೆಯದಾದ ಗುಳಿಗೆಯೊಂದನ್ನು ಶಸ್ತ್ರಕ್ರಿಯೆಯ ತರುವಾಯ ಹಲವು ತಿಂಗಳು ಕೊಡುವುದು ವಾಡಿಕೆ. ಮುಖ್ಯವಾಗಿ ನ್ಯುಮೊಸಿಸ್ಟಿಸ್ ಎಂಬ ಶಿಲೀಂಧ್ರದ ವಿರುದ್ಧ ಕೊಡುವ ಈ ಗುಳಿಗೆಯು ಲಿಸ್ಟೀರಿಯ, ಬಹುಮಟ್ಟಿಗೆ ನೊಕಾರ್ಡಿಯ, ಮೂತ್ರಮಾರ್ಗದ ಕೆಲವು ಸೋಂಕುಗಳು ಇವುಗಳನ್ನೂ ದೂರವಿಡುತ್ತದೆ. ಕಸಿಗೆ ಮುಂಚೆಯೇ ಸುಪ್ತವಾದ ಕ್ಷಯವನ್ನು ಹುಡುಕುವುದು, ಲಸಿಕೆಗಳನ್ನು ಹಾಕಿಸುವುದು ಇವು ಇನ್ನೆರಡು ಉಪಾಯಗಳು. ಜೀವಂತ ಅಣುಗಳಿಂದ ಮಾಡಿದ ಲಸಿಕೆಗಳನ್ನು ಕಸಿಯಾದ ಮೇಲೆ ಸಾಮಾನ್ಯವಾಗಿ ಕೊಡಲಾಗದಾದುದರಿಂದ ಅವುಗಳಿಗೆ ಕಸಿಯ ಪೂರ್ವಕಾಲವೇ ತಕ್ಕದ್ದು. ಉಳಿದುವು ಮನೆಯ ನಡವಳಿಕೆಗೆ ಸೇರಿದುವು: ಕೈ ತೊಳೆಯುವುದು, ಹಾಲನ್ನು ಕಾಯಿಸುವುದು, ಬಿಸಿಯಾದ ಊಟವನ್ನು ಉಣ್ಣುವುದು, ಮಣ್ಣಿನ ಕೆಲಸದಲ್ಲಿ ಕೈಗವಸನ್ನೂ ಪಾದರಕ್ಷೆಯನ್ನೂ ಧರಿಸುವುದು. ಹೆರಿಗೆಯ ವಾರ್ಡಿನಲ್ಲಿ ವೈದ್ಯರು ಕೈ ತೊಳೆದರೆ ತಾಯಂದಿರು ಉಳಿಯುತ್ತಾರೆಂದು ಸೆಮ್ಮೆಲ್‌ವೈಸನು ವಿಯೆನ್ನಾ ನಗರದಲ್ಲಿ ೧೮೪೭ರಲ್ಲಿ ತೋರಿಸಿದ ಪಾಠವು ಅಂಗಕಸಿಯ ವಾರ್ಡಿನಲ್ಲಿ ಇಂದಿಗೂ ಮೊದಲ ಪಾಠವೇ. ಔಷಧಗಳಿಗೆ ಬಗ್ಗದ ಕ್ಲೆಬ್ಸಿಯೆಲ್ಲದಂತಹ ಬ್ಯಾಕ್ಟೀರಿಯಗಳು ಆಸ್ಪತ್ರೆಗಳಲ್ಲಿ ಹೆಚ್ಚುತ್ತಿರುವ ಈ ಕಾಲದಲ್ಲಿ ಅದರ ಬೆಲೆಯು ಇನ್ನೂ ಹೆಚ್ಚಿದೆ.

೧೯೯೪ರ ಅಂಗಕಸಿ ಶಾಸನವಾದ ಮೇಲೆ ಭಾರತದಲ್ಲಿ ಮೃತರ ಅವಯವಗಳ ದಾನಕ್ಕೂ ವ್ಯವಸ್ಥೆಯಾಗಿದೆ. ಕರ್ನಾಟಕದಲ್ಲಿ ಜೀವಸಾರ್ಥಕತೆ ಎಂಬ ಸಂಸ್ಥೆಯು ಈ ಕಾರ್ಯವನ್ನು ನಡೆಯಿಸುತ್ತಿದೆ. ಕಸಿಯಾದವರು ಆಸ್ಪತ್ರೆಯಿಂದ ತಮ್ಮ ತಮ್ಮ ಊರುಗಳಿಗೆ, ಗದ್ದೆ ತೋಟಗಳಿಗೆ, ಪಾಠಶಾಲೆಗಳಿಗೆ ಹಿಂದಿರುಗುತ್ತಾರೆ. ಅವರ ದೇಹದಲ್ಲಿ ಇಬ್ಬರ ಜೀವಾಂಶಗಳು ಕೂಡಿ ಬಾಳುತ್ತಿರುವುದು ಒಂದು ಸಂಧಿಯ ಬಲದಿಂದ. ಆ ಸಂಧಿಯನ್ನು ಔಷಧವು ದಿನದಿನವೂ ಹೊಸದಾಗಿ ಏರ್ಪಡಿಸಬೇಕು. ಔಷಧವು ಕಡಿಮೆಯಾದರೆ ದೇಹವು ಅಂಗದ ಮೇಲೆ ಬೀಳುತ್ತದೆ, ಹೆಚ್ಚಾದರೆ ರೋಗಾಣುಗಳು ದೇಹದ ಮೇಲೆ ಬೀಳುತ್ತವೆ. ಇವೆರಡರ ನಡುವಣ ದಾರಿಯು ೧೯೬೭ರಲ್ಲಿ ವೈದ್ಯರಿಗೆ ಕಾಣದಷ್ಟು ಕಿರಿದಾಗಿತ್ತು. ಯಾವ ಕಾಲದಲ್ಲಿ, ಯಾವ ದೇಶದಲ್ಲಿ, ಎಷ್ಟು ಬಲವುಳ್ಳವನಿಗೆ ಯಾವ ರೋಗಾಣುವು ಬರುತ್ತದೆಂಬ ತಿಳಿವಳಿಕೆಯು ಅಂದಿನಿಂದ ಆ ದಾರಿಯನ್ನು ಕ್ರಮವಾಗಿ ಅಗಲಗೊಳಿಸಿದೆ. ಈ ತಿಳಿವಳಿಕೆಯು ವೈದ್ಯರಲ್ಲಿ ಮಾತ್ರ ಉಳಿಯದೆ, ಸಣ್ಣ ಜ್ವರವನ್ನೂ ಕಡೆಗಣಿಸದ ಮನೆಯವರಲ್ಲಿಯೂ ನೆರೆಯವರಲ್ಲಿಯೂ ಹರಡಿದಷ್ಟೂ ಕಸಿಯಾದವರ ಆಯುಸ್ಸು ಹೆಚ್ಚುವುದು.